ಕ್ಯಾಸನೂರಿನ ಕೂಲಿಗಾರನೂ ಸಾಮೂಹಿಕ ಒಪ್ಪಂದದ ಕಾಯಿದೆಯೂ

2020ರಲ್ಲಿ ಪಾರ್ಲಿಮೆಂಟಿನ ಅಂಗೀಕಾರವನ್ನು ಪಡೆದ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. 1926ರ ಕಾರ್ಮಿಕ ಸಂಘಗಳ ಕಾಯಿದೆ, 1946ರ ಸ್ಥಾಯೀ ಆದೇಶಗಳ ಕಾಯಿದೆ, 1947ರ ಕೈಗಾರಿಕಾ ವಿವಾದಗಳ ಕಾಯಿದೆ, ಈ ಮೂರೂ ಅದರಲ್ಲಿ ಲೀನವಾದುವು. ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಬೇಕೆಂಬ ವಿಧಿಯು ಧಣಿಗಳಿಗೆ ಹಿತವಾಗಿದೆ; ಸರಕಾರದ ಅನುಮತಿಯಿಲ್ಲದೆ ಕೆಲಸಗಾರರನ್ನು ತೆಗೆಯುವ ಸ್ವಾತಂತ್ರ್ಯದ ಮಿತಿಯು 100ರಿಂದ 300ಕ್ಕೆ ಏರಿದುದು ಸಂಘಗಳಿಗೆ ಅಸಮಾಧಾನವನ್ನು ತಂದಿದೆ. ಎರಡು ಪಕ್ಷಗಳೂ ವಾದಿಸಲಿ. ಆದರೆ ಈ ವಾಗ್ವಾದದಲ್ಲಿ ಮಲೆನಾಡಿನ ಕೂಲಿಗಾರನ ಹೆಸರೇ ಕೇಳಿಬರುತ್ತಿಲ್ಲವಲ್ಲ!

ಹಲವು ಸಂಘಗಳಿರುವಲ್ಲಿ, ಹಾಜರಿ ಪಟ್ಟಿಯಲ್ಲಿರುವವರಲ್ಲಿ ನೂರಕ್ಕೆ 51 ಮಂದಿಯ ಬೆಂಬಲವುಳ್ಳ ಸಂಘವೇ ಧಣಿಯೊಡನೆ ಮಾತನಾಡತಕ್ಕದ್ದು. ಅಂತಹ ಸಂಘವಿಲ್ಲದಿದ್ದರೆ ನೂರಕ್ಕೆ 20ರ ಬೆಂಬಲವುಳ್ಳ ಸಂಘಗಳು ಮಂಡಳಿಯಾಗಿ ಕೂಡತಕ್ಕದ್ದು ಎಂದು ಸಂಹಿತೆಯ ನಿಯಮ. 1923ರಲ್ಲಿ ಕುಲುಮೆ ಹೊತ್ತಿದ ಭದ್ರಾವತಿಯಂತಹ ಕಾರ್ಖಾನೆಗೆ ಇದು ಒಪ್ಪುವ ಮಾತು: ಅಲ್ಲಿ ಒಬ್ಬ ಧಣಿ, ಒಂದು ಬಾಗಿಲು, ಒಂದು ಪಟ್ಟಿ. ಅದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಆ ಪಟ್ಟಿಯನ್ನು ಎಲ್ಲಿ ಹುಡುಕುವುದು? ಸೋಮವಾರ ಒಬ್ಬರ ಗದ್ದೆ, ಬುಧವಾರ ಇನ್ನೊಬ್ಬರ ಅಡಕೆ ತೋಟ, ನಡುವೆ ಸೊಪ್ಪು ದರಕು ತರಲು ಕಾಡು. ಕನಿಷ್ಠ ವೇತನವಿದೆಯಲ್ಲ ಎನ್ನಬಹುದು. ಅದು ಸರಕಾರ ಗೊತ್ತುಮಾಡಿದ ದರ; ಇಬ್ಬರು ಕೂಡಿ ಮಾಡಿದ ಒಪ್ಪಂದವಲ್ಲ.

ಇದರಿಂದಾಗುವ ನಷ್ಟವು ಬರಿಯ ಕೂಲಿಯದಲ್ಲ. 1957ರಲ್ಲಿ ಇದೇ ಊರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗುರುತಿಗೆ ಬಂದ ಕಾಯಿಲೆಯು ಇಂದಿಗೂ ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರಿನಿಂದಲೇ ಇದೆ. ಉಣುಗಿನ ಕಡಿತದಿಂದ ಅದು ಮನುಷ್ಯನಿಗೆ ಹತ್ತುವುದು. ಚಳಿಗಾಲದಿಂದ ಬೇಸಗೆಯ ಕೊನೆಯವರೆಗೆ, ಎಂದರೆ ಕಾಡಿನ ಕೆಲಸವಿರುವ ಕಾಲದಲ್ಲಿಯೇ, ಅದರ ಹಾವಳಿ ಹೆಚ್ಚು. ಉದ್ಯೋಗದಿಂದ ಬಂದ ರೋಗಕ್ಕೆ ಧಣಿಯು ಪರಿಹಾರ ಕೊಡತಕ್ಕದ್ದೆಂಬ ತತ್ವವು 1923ರ ಪರಿಹಾರದ ಕಾಯಿದೆಯಲ್ಲಿಯೇ ಇತ್ತು. ಆದರೆ ವಾರಕ್ಕೆ ಮೂವರು ಧಣಿಗಳುಳ್ಳವನು ಯಾರ ಮೇಲೆ ದಾವೆ ಹೂಡಬೇಕು? ಉಣುಗು ಯಾವ ದಿನ ಕಚ್ಚಿತೆಂದು ಯಾವ ಸಾಕ್ಷಿಯಿಂದ ರುಜುವಾತುಪಡಿಸಬೇಕು? ಧಣಿಯೆಂಬವನೂ ಹಲವೆಡೆ ಎರಡೆಕರೆ ತೋಟದ ಬಡವನೇ. ಆಸ್ಪತ್ರೆಯ ಖರ್ಚನ್ನು ಅವನೊಬ್ಬನ ಮೇಲೆ ಹೊರಿಸುವುದೂ ನ್ಯಾಯವಲ್ಲ.

ಮಾತನಾಡುವ ಸ್ಥಳವಿಲ್ಲದೆ ಹೋದರೆ ಏನಾಗುವುದೆಂಬುದನ್ನು ನೆರೆಯ ಸಾಗರ ತಾಲ್ಲೂಕು 1951ರಲ್ಲಿ ಕಂಡಿತು. ಗೇಣಿಯ ಭತ್ತವನ್ನು ಅಳೆಯುವ ಕೊಳಗವು ಎಷ್ಟು ದೊಡ್ಡದಿರಬೇಕೆಂಬ ವಿವಾದವು, ನಾಲ್ಕು ಜನ ಕೂತು ತೀರಿಸಬಹುದಾಗಿದ್ದ ವಿಷಯವು, ಕಾಗೋಡಿನ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು. ಶಾಂತವೇರಿ ಗೋಪಾಲಗೌಡರು ಮುಂದಾದರು. ರಾಮಮನೋಹರ ಲೋಹಿಯಾರು ಬಂದು ಸೆರೆಯಾದರು. ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿದ ತಿದ್ದುಪಡಿಯು ಬಂದುದು 1974ರಲ್ಲಿ. ಭೂಮಿಯೇ ಇಲ್ಲದ ಕೂಲಿಗಾರನಿಗೆ ಅದರಿಂದ ದೊರೆತುದು ಅತ್ಯಲ್ಪ.

ಅದೇ 1974ರಲ್ಲಿ ಕೇರಳವು ಕೃಷಿ ಕಾರ್ಮಿಕರಿಗೆಂದೇ ಒಂದು ಕಾಯಿದೆಯನ್ನು ಮಾಡಿ, ಸಂಧಾನದ ಅಧಿಕಾರಿಗಳನ್ನೂ ಕೃಷಿ ನ್ಯಾಯಮಂಡಳಿಯನ್ನೂ ಏರ್ಪಡಿಸಿತು. ನಮ್ಮ ರಾಜ್ಯಕ್ಕೆ ಅಡ್ಡಿಯೇನು? ಕಾರ್ಮಿಕ ವಿಷಯವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಸಾಮೂಹಿಕ ಒಪ್ಪಂದದ ಹಕ್ಕನ್ನು ಸಾರುವ 1949ರ ಅಂತರರಾಷ್ಟ್ರೀಯ ನಿರ್ಣಯಕ್ಕೆ ಭಾರತವು ಇನ್ನೂ ರುಜು ಹಾಕಿಲ್ಲವೆಂಬುದು ನಿಜ. ಆದರೆ ಗ್ರಾಮೀಣ ಕೆಲಸಗಾರರ ಸಂಘಗಳ ಬಗೆಗಿನ 1975ರ ನಿರ್ಣಯವನ್ನು 1977ರಲ್ಲಿಯೇ ಒಪ್ಪಿಕೊಂಡಿದೆ.

ಸೊರಬ, ಶಿಕಾರಿಪುರ, ಸಾಗರಗಳಲ್ಲಿ ತಾಲ್ಲೂಕಿಗೊಂದು ಮಂಡಳಿಯಾಗಲಿ. ತೋಟಗಾರರ ಪ್ರತಿನಿಧಿಗಳು, ಕೂಲಿಗಾರರ ಪ್ರತಿನಿಧಿಗಳು, ಅರಣ್ಯ ಮತ್ತು ಆರೋಗ್ಯ ಇಲಾಖೆಯವರು ಅದರಲ್ಲಿ ಕೂಡಲಿ. ಕಾಡಿನ ಕೆಲಸದ ದರವೆಷ್ಟು, ಉಣುಗು ನಿವಾರಕ ತೈಲವನ್ನು ಕೈಗೆ ಮುಟ್ಟಿಸುವವರಾರು, ಜ್ವರ ಬಂದವನ ಕೂಲಿಯ ನಿಧಿಗೆ ಎಕರೆಗೆ ಎಷ್ಟು ವಂತಿಗೆ, ಈ ಮೂರನ್ನು ಬರೆದು ಸಹಿ ಹಾಕಲಿ. ಆ ಸಭೆಯು ನವೆಂಬರ್ ಮುಗಿಯುವುದರೊಳಗೆ ಸೇರತಕ್ಕದ್ದು. ಡಿಸೆಂಬರಿನಲ್ಲಿ ಜನರು ದರಕಿಗೆ ಹೊರಟಿರುತ್ತಾರೆ.