ಗಸ್ತಿನ ಲೆಕ್ಕ

ಮಕ್ಕಳೇ, ನಮ್ಮ ನಂಜನಗೂಡು, ತಿ. ನರಸೀಪುರಗಳಲ್ಲೂ ಈಗ ಮಹಡಿಯ ಮೇಲೆ ಮಹಡಿ ಏಳುತ್ತಿದೆ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ರಾತ್ರಿ ಬೆಂಕಿ ಬಿದ್ದರೆ ಮೊದಲು ನೋಡುವವರು ಯಾರು?

ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ಗೆ 2017ರ ಜೂನ್ 14ರಂದು ಬೆಂಕಿ ಬಿದ್ದು 72 ಜನ ಸತ್ತರು. ಗೋಡೆಯ ಹೊರಗೆ ಹೊದಿಸಿದ್ದ ಹಲಗೆಗಳೇ ಹೊತ್ತಿಕೊಂಡಿದ್ದವು. ಆಮೇಲೆ ಅಂಥ ಹೊದಿಕೆಯಿದ್ದ ಎಷ್ಟೋ ಕಟ್ಟಡಗಳಲ್ಲಿ ಹಗಲು ರಾತ್ರಿ ಗಸ್ತಿಗೆ ಜನ ಇಟ್ಟರು. ಸಂಬಳ ಕೊಟ್ಟವರು ಯಾರು? ಬಹಳ ಕಡೆ ಕಟ್ಟಿದವರಲ್ಲ, ಮನೆ ಕೊಂಡವರು! 2020ರ ಕೊನೆಗೆ ಅಲ್ಲಿನ ಸರ್ಕಾರ, ಗಸ್ತಿನ ಬದಲು ಅಲಾರಂ ಹಾಕಿಸಲು 3 ಕೋಟಿ ಪೌಂಡ್ ಕೊಡುವುದಾಗಿ ಹೇಳಿತು.

ನನ್ನದು ಬ್ಯಾಂಕಿನ ತಲೆ, ಲೆಕ್ಕ ಹಾಕೋಣ. 24 ಮನೆ, ಇಬ್ಬರು ಕಾವಲುಗಾರರು, ತಿಂಗಳಿಗೆ 30,000 ರೂಪಾಯಿ ಅನ್ನಿ. ಮನೆಗೆ 1,250, ವರ್ಷಕ್ಕೆ 15,000. ಬಾಡಿಗೆಯವರಿಗೆ ಇದು ಭಾರವೇ. ಅಲಾರಂ, ಬೆಂಕಿ ಆರಿಸುವ ಸಿಲಿಂಡರ್‌ಗಳ ಖರ್ಚು ಬಾಡಿಗೆ ಎಣಿಸಿಕೊಳ್ಳುವ ಮಾಲೀಕರದೇ ಆಗಬೇಕು ಎಂಬುದು ನನ್ನ ಮಾತು.

ಖರ್ಚಿಲ್ಲದ ಗಸ್ತೂ ಒಂದಿದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನರ ಪ್ರಾಣ ಹೋಯಿತು. ಅಲ್ಲಿ ಜನರನ್ನು ಕಂಗೆಡಿಸಿದ್ದು ಉರಿಗಿಂತ ಹೊಗೆ. ಆದ್ದರಿಂದ ಭಾನುವಾರ ತಾತನ ಕೈ ಹಿಡಿದು ಮೆಟ್ಟಿಲು ಹತ್ತಿ. ದಾರಿಗೆ ಸೈಕಲ್, ಮೂಟೆ ಅಡ್ಡ ಇದೆಯೇ? ತಾರಸಿಯ ಬೀಗದ ಕೈ ಯಾರ ಹತ್ತಿರ? ಮೀಟರ್ ಪೆಟ್ಟಿಗೆಯ ಕೆಳಗೆ ಹಳೇ ಪೇಪರ್ ಪೇರಿಸಿದ್ದಾರೆಯೇ? ಬರೆದು ಮಾಲೀಕರಿಗೆ ಕೊಡಿ. ಬೆಂಕಿ ಕಂಡರೆ ಕೂಗಿ ಎಲ್ಲರನ್ನೂ ಎಬ್ಬಿಸಿ, ಕೆಳಗಿಳಿದು 112ಕ್ಕೆ ಫೋನ್ ಮಾಡಿ.