ರಜೆಯಿಲ್ಲದ ಮುಪ್ಪು

ಅರವತ್ತು ದಾಟಿದ ಮೇಲೂ ದುಡಿಯುವವರು ನಾಲ್ಕು ಜನರ ನಡುವೆ ಇರುತ್ತಾರೆ, ನಿವೃತ್ತರಾದವರು ಮೂಲೆ ಸೇರುತ್ತಾರೆ ಎಂದು ಹಿರಿಯರ ದಿನಾಚರಣೆಯ ವೇದಿಕೆಗಳಲ್ಲಿ ಹೇಳುವುದು ರೂಢಿಯಾಗಿಬಿಟ್ಟಿದೆ. ತಿಂಗಳಾದರೆ ಪಿಂಚಣಿ ಕೈಸೇರುವವರ ಮಟ್ಟಿಗೆ ಈ ಮಾತಿನಲ್ಲಿ ತುಸು ಹುರುಳಿರಬಹುದು. ಉಳಿದವರ ಮಟ್ಟಿಗೆ ಇದು ಶುದ್ಧ ಸುಳ್ಳು.

ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟುಗಳ ಬಳಿ ಒಮ್ಮೆ ನಿಂತು ನೋಡಿ. ಮೀಸೆ ನರೆತ ಸೆಕ್ಯುರಿಟಿಯವರು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದೆದ್ದು ಗಾಡಿ ನಂಬರು, ಫ್ಲ್ಯಾಟ್ ನಂಬರು ಎಂದು ರಿಜಿಸ್ಟರ್ ಬರೆಸುತ್ತಿರುತ್ತಾರೆ. ಡ್ಯೂಟಿ ಹನ್ನೆರಡು ಗಂಟೆ. ರಿಲೀವರ್ ಬಾರದಿದ್ದರೆ ಡಬಲ್. ದಿನವಿಡೀ ಜನರನ್ನೇ ನೋಡುವ ಇವರಿಗೆ ಊರಹಬ್ಬಕ್ಕೋ ತಂಗಿಯ ಮಗಳ ಮದುವೆಗೋ ಹೋಗಲು ಬಿಡುವಿಲ್ಲ. ಹೋದರೆ ಆ ದಿನದ ಸಂಬಳ ಕಟ್. ವಾರಕ್ಕೊಂದು ರಜೆ ಕಾನೂನಿನಲ್ಲಿದೆ, ಗೇಟಿನಲ್ಲಿಲ್ಲ. ಇದನ್ನೇ ಸಾಮಾಜಿಕ ಬದುಕು ಎಂದು ಹೊಗಳುವುದು ಆ ಹಿರಿಯರಿಗೆ ಮಾಡುವ ಅವಮಾನ.

ಕೆಲಸ ಬಿಟ್ಟರೆ ಸಿಗುವುದಾದರೂ ಏನು? 65 ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 2007ರಲ್ಲಿ 200 ರೂಪಾಯಿ ಇತ್ತು. 80 ತುಂಬದವರಿಗೆ ಇಂದಿಗೂ ಅಷ್ಟೇ. ಈ ಹಣದಲ್ಲಿ ಮನೆ ಬಾಡಿಗೆ ಇರಲಿ, ಮದುವೆಗೆ ಮುಯ್ಯಿ ಓದಿಸುವುದೂ ಕಷ್ಟ. ಬರಿಗೈಯಲ್ಲಿ ಹೋಗಲು ನಾಚಿ ಮನೆಯಲ್ಲೇ ಉಳಿಯುವವರು ಎಷ್ಟೋ ಜನ.

ಓಡಾಟಕ್ಕೂ ಕಲ್ಲು ಹಾಕಲಾಗಿದೆ. ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50ರಷ್ಟಿದ್ದ ಹಿರಿಯರ ರೈಲು ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ನಿಲ್ಲಿಸಲಾಯಿತು. ಕೋವಿಡ್ ಹೋಯಿತು, ರಿಯಾಯಿತಿ ಬರಲಿಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗ ಅಜ್ಜಿಯರು ತವರಿಗೆ, ಧರ್ಮಸ್ಥಳಕ್ಕೆ ಬಸ್ಸು ಹತ್ತಿದ್ದನ್ನು ಕಂಡು ಕೆಲವರು ಗೇಲಿ ಮಾಡಿದರು. ಹಿರಿಯರು ಸಮಾಜದಲ್ಲಿ ಬೆರೆಯುವುದೆಂದರೆ ಅದೇ ಅಲ್ಲವೇ?

ಮುಪ್ಪಿನಲ್ಲಿ ದುಡಿಯುವುದು ತಪ್ಪಲ್ಲ, ದುಡಿಯದೆ ವಿಧಿಯಿಲ್ಲವೆಂಬ ಸ್ಥಿತಿಗೆ ತಳ್ಳಿರುವುದು ತಪ್ಪು. ಅದರ ಹೊಣೆ ಕೇಂದ್ರ, ರಾಜ್ಯ ಎರಡೂ ಸರ್ಕಾರಗಳದು. ಪಿಂಚಣಿಯನ್ನು ಬೆಲೆಯೇರಿಕೆಗೆ ತಕ್ಕಂತೆ ಪ್ರತಿವರ್ಷ ಪರಿಷ್ಕರಿಸಬೇಕು. ವಾರದ ರಜೆ ಕೊಡದ ಸೆಕ್ಯುರಿಟಿ ಏಜೆನ್ಸಿಗಳ ಮೇಲೆ ಕಾರ್ಮಿಕ ಇಲಾಖೆ ಕೇಸು ಹಾಕಬೇಕು. ಅಪಾರ್ಟ್‌ಮೆಂಟ್ ಸಂಘಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಮುಂದಿನ ತಿಂಗಳ ಮೇಂಟೆನೆನ್ಸ್ ಲೆಕ್ಕದಲ್ಲೇ ಒಬ್ಬ ರಿಲೀವರ್‌ನ ಸಂಬಳ ಸೇರಿಸಲಿ.