ಕೈ ಮೇಲೆ ಕಾಣುವ ನೀಲಿ ಗೆರೆ ‘ನರ’ವಲ್ಲ! ಹಾಗಾದರೆ ‘ನರ ಬ್ಲಾಕ್’ ಎಂದರೇನು?

‘ನರಗಳ ಬ್ಲಾಕ್ ತೆರೆಯುವ ಮನೆಮದ್ದು’ ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ಇವನ್ನು ನಂಬುವ ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ರಕ್ತ ತೆಗೆಯುವಾಗ ‘ನರ ಸಿಗ್ತಿಲ್ಲ’ ಎನ್ನುತ್ತೇವೆ, ಕಾಲಿನಲ್ಲಿ ‘ನರ ಉಬ್ಬಿದೆ’ ಎನ್ನುತ್ತೇವೆ. ಅವೆರಡೂ ರಕ್ತನಾಳಗಳು. ನಿಜವಾದ ನರ ಬೇರೆಯೇ.

ನರಕೋಶದ ರಚನೆ ಹೇಗಿದೆ?

ನರವೆಂದರೆ ನರಕೋಶಗಳ ಉದ್ದನೆಯ ಎಳೆಗಳ ಕಟ್ಟು. ನರಕೋಶದಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಕೊಂಬೆಗಳಂತಿರುವ ಡೆಂಡ್ರೈಟ್‌ಗಳು ಸಂಕೇತಗಳನ್ನು ಪಡೆಯುತ್ತವೆ. ಕೋಶಕಾಯವು ಕೋಶವನ್ನು ಜೀವಂತವಾಗಿಡುತ್ತದೆ. ಆಕ್ಸಾನ್ ಎಂಬ ಎಳೆ ಸಂಕೇತವನ್ನು ಮುಂದಕ್ಕೆ ಸಾಗಿಸುತ್ತದೆ. ಬೆನ್ನಿನಿಂದ ಪಾದದವರೆಗೆ ಹೋಗುವ ಆಕ್ಸಾನ್ ಸುಮಾರು 1 ಮೀಟರ್ ಉದ್ದವಿರುತ್ತದೆ!

ಹಲವು ಆಕ್ಸಾನ್‌ಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದ್ದು, ಸಂಕೇತ ವೇಗವಾಗಿ ಹೋಗಲು ನೆರವಾಗುತ್ತದೆ. ಕಾಲ್ಬೆರಳು ಹೊಸ್ತಿಲಿಗೆ ತಾಗಿದ್ದು ತಕ್ಷಣ ಗೊತ್ತಾಗುತ್ತದೆ, ಉರಿನೋವು ಮಾತ್ರ ಕ್ಷಣ ತಡವಾಗಿ ಬರುತ್ತದೆ. ಕಾರಣ, ಆ ಉರಿಯನ್ನು ತಿಳಿಸುವ ಎಳೆಗಳಿಗೆ ಮಯಲಿನ್ ಇಲ್ಲ.

ಎಷ್ಟು ವಿಧ?

ಕೆಲಸದ ಆಧಾರದಲ್ಲಿ ಮೂರು ವಿಧ:

- ಜ್ಞಾನವಾಹಿ: ಸ್ಪರ್ಶ, ಬಿಸಿ, ನೋವಿನ ಸುದ್ದಿಯನ್ನು ಬೆನ್ನುಹುರಿ ಮತ್ತು ಮೆದುಳಿಗೆ ಒಯ್ಯುತ್ತವೆ.
- ಕ್ರಿಯಾವಾಹಿ: ಅಲ್ಲಿಂದ ಸ್ನಾಯುಗಳಿಗೆ ಆದೇಶ ತರುತ್ತವೆ.
- ಸಂಪರ್ಕ ನರಕೋಶಗಳು: ಮೆದುಳು, ಬೆನ್ನುಹುರಿಯೊಳಗೆ ಇವೆರಡರ ನಡುವೆ ಕೊಂಡಿಯಾಗುತ್ತವೆ.

ಹಾಗಾದರೆ ‘ಬ್ಲಾಕ್’ ಆಗುವುದು ಯಾವುದು?

ರಕ್ತನಾಳ. ನರವು ರಕ್ತ ಹರಿಯುವ ಕೊಳವೆಯಲ್ಲ. ಅದರಲ್ಲಿ ಸಾಗುವುದು ವಿದ್ಯುತ್ ಸಂಕೇತ. ಆದರೆ ನರ ಒತ್ತಿಕೊಳ್ಳಬಹುದು, ಹಾಳಾಗಬಹುದು. ಸಕ್ಕರೆ ಕಾಯಿಲೆಯಲ್ಲಿ ಉದ್ದನೆಯ ಎಳೆಗಳಿಗೆ ಮೊದಲು ಪೆಟ್ಟು ಬೀಳುವುದರಿಂದ ಪಾದ ಜೋಮು ಹಿಡಿಯುತ್ತದೆ. ವಿಟಮಿನ್ ಬಿ12 ಕೊರತೆಯಿಂದ ಮಯಲಿನ್ ಹಾಳಾಗುತ್ತದೆ. ಕಾರಣ ಬೇರೆ ಬೇರೆಯಾದ್ದರಿಂದ ಚಿಕಿತ್ಸೆಯೂ ಬೇರೆ. ಎಲ್ಲಕ್ಕೂ ಒಂದೇ ಕಷಾಯ ಸಾಲದು.

ಯಾವಾಗ ತಡ ಮಾಡಬಾರದು?

ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಆಮ್ಲಜನಕ ಸಿಗದೆ ನರಕೋಶಗಳು ನಿಮಿಷಗಳಲ್ಲೇ ಸಾಯತೊಡಗುತ್ತವೆ. ಇದೇ ಪಾರ್ಶ್ವವಾಯು. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ದಿಢೀರನೆ ಕಂಡರೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಮೆದುಳಿನ ಹೆಪ್ಪು ಕರಗುವುದಿಲ್ಲ, ಸಮಯ ಮಾತ್ರ ಹೋಗುತ್ತದೆ.

ಮುಂದಿನ ಬಾರಿ ‘ನರ ಬ್ಲಾಕ್’ ಸಂದೇಶ ಬಂದಾಗ, ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇದು ನರವೋ, ರಕ್ತನಾಳವೋ?